ನಾಲ್ಕು ತಂತಿ, ಎಂಬತ್ತು ಸ್ವರ

‘ಆರು ತಂತಿಯ ಗಿಟಾರಿಗಿಂತ ನಾಲ್ಕು ತಂತಿಯದ್ದಕ್ಕೇ ಜಾಸ್ತಿ ದುಡ್ಡಾ?’

ವಾದ್ಯದಂಗಡಿಯಲ್ಲಿ ಮಗನ ಜೊತೆ ನಿಂತ ಯಾವ ಅಪ್ಪನಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಸಾಧಾರಣ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿ ನುಡಿಯುವ ಉದ್ದ ಸುಮಾರು 65 ಸೆಂ.ಮೀ. ಬೇಸ್ ಗಿಟಾರಿನಲ್ಲಿ ಅದು 34 ಅಂಗುಲ, ಅಂದರೆ 86 ಸೆಂ.ಮೀ. ಉದ್ದವೂ ದಪ್ಪವೂ ಆದ ಆ ನಾಲ್ಕು ತಂತಿಗಳು ಸೇರಿ ವಾದ್ಯದ ಕತ್ತನ್ನು ಸುಮಾರು 70 ಕಿಲೋ ಬಲದಿಂದ ಎಳೆಯುತ್ತವೆ. ಹೆಚ್ಚುಕಡಿಮೆ ತುಂಬಿದ ಅಡಿಕೆ ಚೀಲದ ಭಾರ! ಅದನ್ನು ಹಗಲಿರುಳೂ ತಡೆದು ನೆಟ್ಟಗೆ ನಿಲ್ಲುವ ಕತ್ತಿಗೇ ಕೊಟ್ಟ ದುಡ್ಡಿನ ದೊಡ್ಡ ಪಾಲು ಸಲ್ಲಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರಿಗೆ ಬೇಸ್ ಹೊಸತೇನಲ್ಲ. ಗಣಪತಿ ಹಬ್ಬದ ರಸಮಂಜರಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಎದೆಗೆ ಗುದ್ದಿದಂತೆ ನುಡಿಸುವವನನ್ನು ಎಲ್ಲರೂ ಕಂಡಿದ್ದಾರೆ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಇಳಯರಾಜಾ ಸಂಗೀತವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ, ಹಾಡಿನ ಕೆಳಗೆ ಇನ್ನೊಂದು ಹಾಡು ಹರಿಯುವುದು ತಿಳಿಯುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅದು ಎಟುಕದು. ಬೇಸಿನ ಅತಿ ಕೆಳಗಿನ ತಂತಿ ಕಂಪಿಸುವುದು ಸೆಕೆಂಡಿಗೆ 41 ಸಲ ಮಾತ್ರ. ಮೊಬೈಲಿನಲ್ಲಿ ವಿಡಿಯೋ ನೋಡಿ ‘ಇದರ ಧ್ವನಿ ಚೆನ್ನಾಗಿದೆ’ ಎಂದು ತೀರ್ಮಾನಿಸುವುದು ಅದಕ್ಕೇ ವ್ಯರ್ಥ.

ಮಲೆನಾಡಿನ ತೊಡಕು ಬೇರೆಯೇ. ಸಾಗರದವರು ತಾಳಗುಪ್ಪದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ತರಬೇಕು, ಇಲ್ಲವೇ ಪಾರ್ಸೆಲ್ ತರಿಸಬೇಕು. ಹೊಸನಗರ, ತೀರ್ಥಹಳ್ಳಿಗೆ ರೈಲೂ ಇಲ್ಲ. ಕೆಟ್ಟರೆ ಸರಿಮಾಡುವವರು ಪಕ್ಕದ ಬೀದಿಯಲ್ಲಿ ಸಿಗರು. ಆದ್ದರಿಂದ ಪರೀಕ್ಷೆ ಕೊಳ್ಳುವ ಮುನ್ನವೇ ಆಗಬೇಕು. ಪಾರ್ಸೆಲ್ ಆದರೆ ವಾಪಸು ಮಾಡುವ ಗಡುವಿನೊಳಗೆ.

ಮೊದಲು ಕತ್ತು. ಬಡಗಿ ರೀಪು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವಂತೆ, ಬಿರಡೆಗಳ ಕಡೆಯಿಂದ ಕತ್ತಿನ ಎರಡೂ ಅಂಚನ್ನು ನೋಡಿ. ಹಿಂದಕ್ಕೋ ಮುಂದಕ್ಕೋ ಚೂರು ಬಾಗಿದ್ದರೆ ಒಳಗಿರುವ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಹಗ್ಗದಂತೆ ತಿರುಚಿದ್ದರೆ ಮಾತ್ರ ಅದನ್ನು ಕೆಳಗಿಟ್ಟುಬಿಡಿ. ಆ ಸರಳಿಗೂ ತಿರುಚು ಬಿಡಿಸುವುದು ಬಾರದು. ಇನ್ನೊಂದು ಉಪಾಯವಿದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ಒತ್ತಿ ಹಿಡಿಯಿರಿ. ನಡುವೆ, ಏಳೆಂಟನೆಯ ಫ್ರೆಟ್ಟಿನ ಹತ್ತಿರ, ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಕಂಡರೆ ಸರಿ. ರೂಪಾಯಿ ನಾಣ್ಯ ತೂರುವಂತಿದ್ದರೆ ಸರಳು ತಿರುಗಿಸಿ ತೋರಿಸುವಂತೆ ಅಂಗಡಿಯವರನ್ನೇ ಕೇಳಿ.

ಫ್ರೆಟ್ಟುಗಳೆಂದರೆ ವೀಣೆಯ ಮೆಟ್ಟಿಲುಗಳಿದ್ದಂತೆ. ನಾಲ್ಕು ತಂತಿ, ಇಪ್ಪತ್ತು ಫ್ರೆಟ್ ಎಂದರೆ ಎಂಬತ್ತು ಸ್ವರ. ಎಂಬತ್ತನ್ನೂ ಒಂದೊಂದಾಗಿ ನುಡಿಸಿ ನೋಡಬೇಕು! ಅಂಗಡಿಯವರು ಮುಖ ಸಿಂಡರಿಸಿದರೂ ಸರಿ, ಹತ್ತು ನಿಮಿಷದ ಕೆಲಸ. ಎಲ್ಲಿ ಝೇಂಕರಿಸುತ್ತದೆ, ಎಲ್ಲಿ ಸ್ವರ ಬೇಗ ಸಾಯುತ್ತದೆ ಎಂಬುದು ಕಿವಿಗೆ ಬೀಳುತ್ತದೆ. ತೆಳು ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ಸುತ್ತ ಒಂದು ಸ್ವರ ಮಂಕಾಗುವುದು ದುಬಾರಿ ವಾದ್ಯಗಳಲ್ಲೂ ಉಂಟು. ಅದಕ್ಕಾಗಿ ಬೇಡವೆನ್ನಬೇಕಿಲ್ಲ. ಕತ್ತಿನ ಅಂಚಿನ ಮೇಲೆ ಕೈ ಸವರಿದಾಗ ಫ್ರೆಟ್ ತುದಿ ಚುಚ್ಚಿದರೆ ಕೆಲಸ ಒರಟೆಂದೇ ಅರ್ಥ.

ಆಮೇಲೆ ಶ್ರುತಿ. ಬಿಟ್ಟ ತಂತಿಯನ್ನು ಶ್ರುತಿಮಾಡಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಸರಿಯಾಗಿ ಮೇಲಿನ ಷಡ್ಜ ಬರಬೇಕು. ಮೊಬೈಲಿನ ಟ್ಯೂನರ್ ಸಾಕು, ಕಣ್ಣಿಗೇ ಕಾಣುತ್ತದೆ. ವ್ಯತ್ಯಾಸವಿದ್ದರೆ ಬ್ರಿಜ್‌ನ, ವೀಣೆಯವರ ಮಾತಿನಲ್ಲಿ ಕುದುರೆಯ, ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಸ್ಕ್ರೂ ಆಗಲೇ ಕೊನೆ ಮುಟ್ಟಿದ್ದರೆ ಆಸೆ ಬಿಡಿ.

ಇದೆಲ್ಲ ಬೇಕೇ ಎಂದರೆ, ಬೇಕು. ತಂತಿ ಎತ್ತರವಾಗಿದ್ದು ಬೆರಳು ನೋಯುವುದು, ಶ್ರುತಿ ನಿಲ್ಲದಿರುವುದು ವಾದ್ಯದ ದೋಷ. ಕಲಿಯುವ ಮಗು ಮಾತ್ರ ‘ನನಗೆ ಸಂಗೀತ ಬರುವುದಿಲ್ಲ’ ಎಂದುಕೊಂಡು ಆರೇ ತಿಂಗಳಲ್ಲಿ ಕೈಬಿಡುತ್ತದೆ.

ಮರದ ವಿಷಯದಲ್ಲಿ ಮಲೆನಾಡಿನವರಿಗೆ ಕುತೂಹಲ ಸಹಜ. ಅಗ್ಗದ ವಾದ್ಯಗಳ ಒಡಲು ಹೆಚ್ಚಾಗಿ ಬಾಸ್‌ವುಡ್ ಅಥವಾ ಪಾಪ್ಲರ್. (ಬಾಸ್‌ವುಡ್ ಹೆಸರಿಗೂ ಬೇಸ್ ಗಿಟಾರಿಗೂ ನಂಟಿಲ್ಲ.) ಮದ್ದಲೆಗೆ ಹಲಸು ಮುಖ್ಯವಾದಷ್ಟು ಇಲ್ಲಿ ಒಡಲಿನ ಮರ ಮುಖ್ಯವಲ್ಲ. ಧ್ವನಿಯನ್ನು ಹಿಡಿಯುವುದು ತಂತಿಯ ಕೆಳಗಿನ ಪಿಕಪ್. ಗುಂಡಿ ತಿರುಗಿಸಿದಾಗ ಕರಕರ ಎನ್ನಬಾರದು, ವೈರ್ ಸಿಕ್ಕಿಸುವ ತೂತು ಸಡಿಲವಿರಬಾರದು. ಲಿಯೋ ಫೆಂಡರ್ ಎಂಬ ಅಮೆರಿಕನ್ 1951ರಲ್ಲಿ ತಂದ ‘ಪ್ರಿಸಿಶನ್’, ಅದೇ ಕಂಪೆನಿಯ 1960ರ ‘ಜಾಝ್’, ಇವೆರಡರ ಮಾದರಿಯನ್ನೇ ಅನುಸರಿಸಿದ ವಾದ್ಯವಾದರೆ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಐದನೆಯ ತಂತಿ, ಬ್ಯಾಟರಿ ಹಾಕುವ ಸೌಕರ್ಯ ಕಲಿಯುವವರಿಗೆ ಬೇಡ. ಅದೇ ಬೆಲೆಯಲ್ಲಿ ಅವನ್ನೂ ಕೊಡುತ್ತೇವೆಂದರೆ ಬೇರೆಲ್ಲೋ ಕಡಿತವಾಗಿರುತ್ತದೆ. ಕೈ ಚಿಕ್ಕದಾದ ಮಕ್ಕಳಿಗೆ 30 ಅಂಗುಲದ ಗಿಡ್ಡ ಬೇಸ್ ಉಂಟು. ಹಳೆಯದು ಸಿಕ್ಕರೆ ಹಿಂಜರಿಯಬೇಕಿಲ್ಲ, ಪರೀಕ್ಷೆ ಅದೇ. ತಂತಿಯ ಸೆಟ್ಟು ಮಾತ್ರ ಗಿಟಾರ್ ತಂತಿಗಿಂತ ಎರಡು ಮೂರು ಪಟ್ಟು ದುಬಾರಿ.

ಬೆಲೆ ಲೆಕ್ಕ ಹಾಕುವಾಗ ಆಂಪ್ಲಿಫಯರನ್ನು ಮರೆಯುವವರೇ ಹೆಚ್ಚು. ಮನೆಯ ಮ್ಯೂಸಿಕ್ ಸಿಸ್ಟಮ್ಮಿಗೆ ಸಿಕ್ಕಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿದುಹೋಗಬಹುದು. ಆರಂಭಕ್ಕೆ ಹೆಡ್‌ಫೋನಿನ ಪುಟ್ಟ ಆಂಪ್ಲಿಫಯರ್ ಸಾಕು. ಪಕ್ಕದ ಕೋಣೆಯಲ್ಲಿ ತಂಗಿ ಓದುತ್ತಿದ್ದರೂ ತಕರಾರಿಲ್ಲ. ದೊಡ್ಡದನ್ನು ತಂದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಬೇಕು. ಬೇಸಿನ ತಂತಿಗಳು ವೈರಿನ ಮೂಲಕ ಆಂಪ್ಲಿಫಯರಿನ ಅರ್ಥಿಗೇ ಸೇರಿರುತ್ತವೆ. ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಗಾಬರಿ ಬೇಡ. ಬೆರಳು ಜುಮ್ಮೆಂದರೆ ತಕ್ಷಣ ಕೈ ತೆಗೆದು, ಗೋಡೆಯ ಸ್ವಿಚ್ ಆರಿಸಬೇಕು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವುದಂತೂ ಬೇಡವೇ ಬೇಡ.

ಮಳೆಗಾಲವೇ ಇಲ್ಲಿ ದೊಡ್ಡ ಪರೀಕ್ಷಕ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ, ಹುಲಿಕಲ್ಲೂ ಕಡಿಮೆಯೇನಲ್ಲ. ಚಪ್ಪಲಿಗೆ ಬೂಸ್ಟು ಹಿಡಿಯುವ ಮನೆಯಲ್ಲಿ ತಂತಿಗೆ ತುಕ್ಕು ಹಿಡಿಯದೇ ಇರುತ್ತದೆಯೇ? ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಹೊರಗೋಡೆಗೆ ಒರಗಿಸದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಚೀಲದಲ್ಲಿಡಬೇಕು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಟ್ಟರೆ ಕತ್ತು ಬಾಗುವುದು ಖಂಡಿತ. ಮರ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ಜುಲೈಯಲ್ಲೊಮ್ಮೆ, ನವರಾತ್ರಿ ಕಳೆದ ಮೇಲೊಮ್ಮೆ ಆ ವಿಸಿಟಿಂಗ್ ಕಾರ್ಡಿನ ಸಂದು ನೋಡಿ, ಬೇಕಿದ್ದರೆ ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಬೇಕು. ಅದಕ್ಕೆ ಬೇಕಾದ ಪುಟ್ಟ ಅಲೆನ್ ಕೀ ಸಾಮಾನ್ಯವಾಗಿ ವಾದ್ಯದ ಪೆಟ್ಟಿಗೆಯಲ್ಲೇ ಇರುತ್ತದೆ, ರಟ್ಟಿನ ಜೊತೆ ಒಲೆಗೆ ಹಾಕದಿದ್ದರೆ.