ಗಾಡಿ ಹೊರಡುವ ಗಳಿಗೆ: ಟಾರ್ಕ್ ಕನ್ವರ್ಟರ್ ಎಷ್ಟು ದೊಡ್ಡದಿರಬೇಕು?

ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರುವಿನಲ್ಲಿ ಗಾಡಿಯ ತಾಕತ್ತನ್ನು ಯಾರೂ ಸ್ಪೀಡಿನಲ್ಲಿ ಅಳೆಯುವುದಿಲ್ಲ. ಡಾಂಬರು ರಸ್ತೆ ಬಿಟ್ಟು ತೋಟದ ಮನೆಗೆ ಹತ್ತುವ ಕಾಂಕ್ರೀಟು ಚಡಾವು, ಅದರ ಮೇಲೆ ಜುಲೈ ತಿಂಗಳ ಪಾಚಿ, ಹಿಂದುಗಡೆ ಗೊಬ್ಬರದ ಮೂಟೆ. ಅರ್ಧದಲ್ಲಿ ನಿಂತ ಜೀಪು ಮತ್ತೆ ಹೊರಡುತ್ತದೋ ಇಲ್ಲವೋ ಎಂಬುದೇ ಇಲ್ಲಿಯ ಪರೀಕ್ಷೆ. ಹರಿಹರ ಪಲ್ಲತ್ತಡ್ಕ, ಕಲ್ಮಕಾರು, ಬಾಳುಗೋಡು ಕಡೆಯ ಚಾಲಕರೆಲ್ಲ ಹಾಫ್ ಕ್ಲಚ್ಚಿನಲ್ಲಿ ಪಳಗಿದವರು. ಎಷ್ಟು ಪಳಗಿದರೂ ಒಂದು ದಿನ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಕ್ಲಚ್ ಪ್ಲೇಟಿನ ಖರ್ಚು ತಲೆಯ ಮೇಲೆ ಬರುತ್ತದೆ.

ಡ್ರ್ಯಾಗ್ ರೇಸಿನವರ ತಲೆನೋವೂ ಇದೇ. ಅಲ್ಲಿ ತಿರುವಿಲ್ಲ, ಏರಿಲ್ಲ. 402 ಮೀಟರ್ ನೇರ ದಾರಿ, ಅಷ್ಟೇ. ನಮ್ಮ ದೇಶದಲ್ಲಿ ಇಂಥ ಓಟಗಳು ಹೆಚ್ಚಾಗಿ ನಡೆಯುವುದು ವಿಮಾನದ ರನ್‌ವೇಗಳ ಮೇಲೆ. ಲೋನಾವಳ ಸಮೀಪದ ಆಂಬಿ ವ್ಯಾಲಿಯ ‘ವ್ಯಾಲಿ ರನ್’ ಅವುಗಳಲ್ಲಿ ಹೆಸರುವಾಸಿ. ನಿಂತಲ್ಲಿಂದ ಮೊದಲ 18 ಮೀಟರು ದಾಟಲು ಹಿಡಿದ ಸಮಯ ಅಲ್ಲಿ ಓಟದ ಅರ್ಧ ಭವಿಷ್ಯವನ್ನು ಹೇಳಿಬಿಡುತ್ತದೆ. ಆರಂಭದಲ್ಲಿ ಕಳೆದುಕೊಂಡ ಒಂದು ಕ್ಷಣ, ಕೊನೆಯ ಗೆರೆಗೆ ಬರುವಾಗ ಸುಮಾರು ಒಂದೂವರೆ ಪಟ್ಟಾಗಿರುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲಿ ಈ ಆರಂಭವನ್ನು ನಿರ್ಧರಿಸುವುದು ಟಾರ್ಕ್ ಕನ್ವರ್ಟರ್. ಅದರ ಅಳತೆ ಎಷ್ಟಿರಬೇಕೆಂಬುದು ರೇಸಿನವರ ಮುಗಿಯದ ಚರ್ಚೆ.

ಬರೆಗೆ ಬಕೆಟ್ ಕೊಟ್ಟಾಗ

ಟಾರ್ಕ್ ಕನ್ವರ್ಟರಿನ ಕೆಲಸ ನೋಡಲು ರೇಸಿಗೆ ಹೋಗಬೇಕಿಲ್ಲ. ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಬರೆಯ ಮಣ್ಣು ತೆಗೆಯುವ ಜೆಸಿಬಿಯಲ್ಲಿ ಅದು ಇದೆ. 2022ರ ಆಗಸ್ಟ್ ಆರಂಭದ ಭಾರಿ ಮಳೆಯ ನಂತರ ಈ ಕಡೆಯವರಿಗೆ ಆ ದೃಶ್ಯ ಹೊಸದೇನಲ್ಲ. ಚಾಲಕ ಬಕೆಟನ್ನು ಮಣ್ಣಿಗೆ ಒತ್ತುತ್ತಾನೆ. ಚಕ್ರ ನಿಲ್ಲುತ್ತದೆ, ಇಂಜಿನ್ ಮಾತ್ರ ಆಫ್ ಆಗದೆ ಗುಡುಗುತ್ತಲೇ ಇರುತ್ತದೆ. ಕ್ಲಚ್ ಗಾಡಿಯಾಗಿದ್ದರೆ ಅಲ್ಲೇ ಬಂದ್ ಬೀಳುತ್ತಿತ್ತು. ಇಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಎಣ್ಣೆ. ಇಂಜಿನ್ ಕಡೆಯ ಪಂಪು ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸ್ ಕಡೆಯ ಟರ್ಬೈನ್ ಅದನ್ನು ತಿಂದು ತಿರುಗಲು ನೋಡುತ್ತದೆ, ನಡುವಿನ ಸ್ಟೇಟರ್ ವಾಪಸ್ಸು ಬರುವ ಎಣ್ಣೆಯ ದಿಕ್ಕು ತಿರುಗಿಸಿ ಮತ್ತೆ ಪಂಪಿನ ಸಹಾಯಕ್ಕೆ ಕಳಿಸುತ್ತದೆ. ಚಕ್ರ ನಿಂತಿದ್ದಾಗಲೇ ಬಲ ಅತಿ ಹೆಚ್ಚು. ಇಂಜಿನ್ ಕೊಡುವುದರ ಸುಮಾರು ಎರಡು ಪಟ್ಟು.

ಜರ್ಮನಿಯ ಹೆರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. 1948ರಲ್ಲಿ ಅಮೆರಿಕದ ಬ್ಯೂಕ್ ಕಂಪನಿಯ ಡೈನಾಫ್ಲೋ ಗೇರ್‌ಬಾಕ್ಸಿನ ಮೂಲಕ ಅದು ಸಾಮಾನ್ಯರ ಕಾರಿಗೆ ಬಂತು.

ಟರ್ಬೈನನ್ನು ಕದಲದಂತೆ ಹಿಡಿದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಇಂಜಿನ್ ಒಂದು ಆರ್‌ಪಿಎಂವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ‘ಸ್ಟಾಲ್ ಸ್ಪೀಡ್’ ಎನ್ನುತ್ತಾರೆ. ಕನ್ವರ್ಟರ್ ಆಯ್ಕೆಯೆಂದರೆ ಮುಖ್ಯವಾಗಿ ಈ ಸಂಖ್ಯೆಯ ಆಯ್ಕೆ.

ಇಂಚು ಇಳಿದರೆ ಆರ್‌ಪಿಎಂ ಏರುತ್ತದೆ

ಕನ್ವರ್ಟರ್ ಹೀರಿಕೊಳ್ಳುವ ಟಾರ್ಕು, ಅಂದರೆ ತಿರುಗಿಸುವ ಬಲ, ಅದರ ವ್ಯಾಸದ ಐದನೆಯ ಘಾತಕ್ಕೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಹಾಗಾಗಿ ಒಂದೆರಡು ಇಂಚಿನ ವ್ಯತ್ಯಾಸವೂ ದೊಡ್ಡ ಮಾತು. 12 ಇಂಚಿನ ಕನ್ವರ್ಟರ್ 2,000 ಆರ್‌ಪಿಎಂನಲ್ಲಿ ಸ್ಟಾಲ್ ಆಗುತ್ತದೆಂದು ಇಟ್ಟುಕೊಳ್ಳಿ. ಅದೇ ಇಂಜಿನ್, ಒಳಗಿನ ಅಲಗುಗಳ ವಿನ್ಯಾಸವೂ ಅದೇ; 10 ಇಂಚಿನದು ಹಾಕಿದರೆ ಅದು ಸುಮಾರು 3,150ಕ್ಕೆ, 9 ಇಂಚಿಗೆ 4,100ಕ್ಕೆ, 8 ಇಂಚಿಗೆ 5,500ಕ್ಕೆ ಏರುತ್ತದೆ. ಸ್ಟೇಟರಿನ ಅಲಗಿನ ಕೋನ ಬದಲಿಸಿಯೂ ಈ ಸಂಖ್ಯೆಯನ್ನು ಅತ್ತಿತ್ತ ಸರಿಸಬಹುದು.

ಹಾಗಾದರೆ ಚಿಕ್ಕದೇ ಹಾಕಿದರಾಯಿತಲ್ಲ? ಎಡವುವುದು ಇಲ್ಲೇ. ಸ್ಟಾಲ್ ಹೆಚ್ಚಾದ ಮಾತ್ರಕ್ಕೆ ಗಾಡಿಗೆ ಬಲ ಹೆಚ್ಚುವುದಿಲ್ಲ. ಇಂಜಿನ್ ತನ್ನ ಗರಿಷ್ಠ ಟಾರ್ಕನ್ನು ಎಲ್ಲಿ ಕೊಡುತ್ತದೋ ಅದರ ಆಸುಪಾಸಿನಲ್ಲಿ ಸ್ಟಾಲ್ ಇರಬೇಕು. ಅದಕ್ಕಿಂತ ಬಹಳ ಕೆಳಗಿದ್ದರೆ ಇಂಜಿನ್ ಉಸಿರು ಕಟ್ಟಿದಂತೆ ತಡವರಿಸಿ ಹೊರಡುತ್ತದೆ. ಬಹಳ ಮೇಲಿದ್ದರೆ ಟೈರ್ ಸುತ್ತುತ್ತದೆ. ಗೇರು ಬದಲಾದಾಗಲೂ ಎಣ್ಣೆ ಜಾರುತ್ತಲೇ ಇದ್ದು, ಇಂಜಿನ್ ಕೂಗಿದಷ್ಟು ಗಾಡಿ ಮುಂದೆ ಹೋಗುವುದಿಲ್ಲ. ಪರೀಕ್ಷೆ ಸುಲಭ: ಕೊನೆಯ ಗೆರೆ ದಾಟುವಾಗಿನ ವೇಗ, ಟೈರು, ಗೇರಿನ ಅನುಪಾತದ ಲೆಕ್ಕದಂತೆ ಇಂಜಿನ್ 6,000ದಲ್ಲಿರಬೇಕು ಎಂದಿಟ್ಟುಕೊಳ್ಳಿ. ಮೀಟರಿನಲ್ಲಿ 6,300 ಕಂಡರೆ ಜಾರಿಕೆ ಶೇ 5ರಷ್ಟು, ಅದು ಸರಿ. 6,800 ಕಂಡರೆ ಕನ್ವರ್ಟರ್ ಸಡಿಲ. ಗಾಡಿಯ ತೂಕ, ಡಿಫರೆನ್ಷಿಯಲ್ಲಿನ ಅನುಪಾತ, ಟೈರಿನ ಎತ್ತರ ಇವೂ ಲೆಕ್ಕಕ್ಕೆ ಸೇರುತ್ತವೆ. ಭಾರದ ಗಾಡಿ ಒಂದೇ ಕನ್ವರ್ಟರಿನಲ್ಲೂ ಇಂಜಿನ್ನನ್ನು ಹೆಚ್ಚು ಹೊತ್ತು ಸ್ಟಾಲಿನ ಹತ್ತಿರ ಹಿಡಿದಿಡುತ್ತದೆ.

ಹೇಳಿದ ಸಮಯಕ್ಕೆ ಮುಟ್ಟುವುದು

ಪುತ್ತೂರಿನ ಕೋಟಿ-ಚೆನ್ನಯ ಜೋಡುಕರೆ ಕಂಬಳದಲ್ಲಿ ಗಂತಿನಿಂದ ಬಿಟ್ಟ ಎರಡು ಜೊತೆ ಕೋಣಗಳಲ್ಲಿ ಮಂಜೊಟ್ಟಿಗೆ ಮೊದಲು ಮುಟ್ಟಿದ್ದು ಗೆದ್ದಿತು, ಮಾತು ಮುಗಿಯಿತು. ಡ್ರ್ಯಾಗ್ ರೇಸಿನ ‘ಬ್ರ್ಯಾಕೆಟ್’ ವಿಭಾಗ ಹಾಗಲ್ಲ. ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆಂದು ಚಾಲಕ ಮೊದಲೇ ಹೇಳಬೇಕು. ನಿಧಾನದ ಕಾರಿಗೆ ಮೊದಲು ಹಸಿರು ದೀಪ. ಹೇಳಿದ್ದಕ್ಕಿಂತ ಬೇಗ ಮುಟ್ಟಿದರೆ ಸಾಮಾನ್ಯವಾಗಿ ಅದೇ ಸೋಲು. ಹಾಗಾಗಿ ಅಲ್ಲಿ ಒಮ್ಮೆ ಚೆನ್ನಾಗಿ ಹೊರಟ ಕಾರಿಗಿಂತ, ಪ್ರತಿ ಸಲವೂ ಒಂದೇ ತರ ಹೊರಡುವ ಕಾರಿಗೆ ಬೆಲೆ ಹೆಚ್ಚು.

ಒಂದೇ ತರ ಹೊರಡುವುದಕ್ಕೆ ದೊಡ್ಡ ಅಡ್ಡಿ ಬಿಸಿ. 300 ನ್ಯೂಟನ್ ಮೀಟರ್ ಟಾರ್ಕಿನ ಇಂಜಿನ್ನನ್ನು 2,300 ಆರ್‌ಪಿಎಂನಲ್ಲಿ ಸ್ಟಾಲ್ ಮಾಡಿ ಹಿಡಿದರೆ ಸುಮಾರು 72 ಕಿಲೋವಾಟ್ ಶಕ್ತಿ ಗಾಡಿ ಒಂದಿಂಚೂ ಕದಲದೆ ಎಣ್ಣೆಯನ್ನು ಕಾಯಿಸುತ್ತದೆ. ಕಾದ ಎಣ್ಣೆ ತೆಳುವಾಗುತ್ತದೆ, ಮೂರನೆಯ ಓಟ ಮೊದಲನೆಯದರಂತೆ ಇರುವುದಿಲ್ಲ. ಅದಕ್ಕೇ ಅನುಭವಸ್ಥರು ಆಯಿಲ್ ಕೂಲರ್ ಹಾಕುತ್ತಾರೆ, ಪ್ರತಿ ಓಟಕ್ಕೂ ಎಣ್ಣೆ ಒಂದೇ ಬಿಸಿಗೆ ಬರುವವರೆಗೆ ಕಾಯುತ್ತಾರೆ. ಹವೆಯೂ ಕೈಯಾಡಿಸುತ್ತದೆ. ಬೆಳಿಗ್ಗೆ 20 ಡಿಗ್ರಿ, ಮಧ್ಯಾಹ್ನ 35 ಡಿಗ್ರಿ ಎಂದರೆ ಗಾಳಿಯ ಸಾಂದ್ರತೆ ಶೇ 5ರಷ್ಟು ಕಡಿಮೆ. ಟಾರ್ಕೂ ಅಷ್ಟೇ ಇಳಿದರೆ 3,150ರ ಸ್ಟಾಲ್ 3,070ಕ್ಕೆ ಬರುತ್ತದೆ. ಹೊರಡುವ ವಿಧಾನವೂ ಮುಖ್ಯ. ಕಾಲುಬ್ರೇಕಿನಲ್ಲಿ ಹಿಡಿದು ಹೊರಡುವವರಿಗೆ, ಬ್ರೇಕ್ ತಡೆಯುವ ಮಿತಿಯೊಳಗಿನ ಒಂದು ನಿಶ್ಚಿತ ಆರ್‌ಪಿಎಂ ಬೇಕು. ಗೇರ್‌ಬಾಕ್ಸನ್ನೇ ಕಟ್ಟಿಹಾಕುವ ಟ್ರಾನ್ಸ್‌ಬ್ರೇಕ್ ಇದ್ದವರಿಗೆ ಮಾತ್ರ ಹೆಚ್ಚಿನ ಸ್ಟಾಲ್ ಉಪಯೋಗಕ್ಕೆ ಬರುತ್ತದೆ.

ಅಂದರೆ, ‘ಇದೇ ಅಳತೆ ಒಳ್ಳೆಯದು’ ಎಂಬುದೊಂದಿಲ್ಲ. ಇಂಜಿನ್ನಿನ ಟಾರ್ಕು, ಗಾಡಿಯ ತೂಕ, ಗೇರು, ಟೈರು, ಹೊರಡುವ ರೀತಿ ಇಷ್ಟನ್ನೂ ಬರೆದು ಕೊಟ್ಟವನಿಗೆ ಸರಿಯಾದ ಕನ್ವರ್ಟರ್ ಸಿಗುತ್ತದೆ. ಪಕ್ಕದ ಕಾರಿನವನು ಹಾಕಿದ್ದನ್ನೇ ತಂದವನಿಗೆ ಹಣ ದಂಡ.

ಕೊನೆಗೆ ನಮ್ಮ ಚಡಾವಿನ ವಿಷಯ. 2020ರ ಅಕ್ಟೋಬರ್ 2ರಂದು ಬಂದ ಮಹೀಂದ್ರ ಥಾರ್‌ನ ಆಟೊಮ್ಯಾಟಿಕ್‌ನಲ್ಲಿ ಐಸಿನ್ ಕಂಪನಿಯ ಆರು ಗೇರಿನ ಟಾರ್ಕ್ ಕನ್ವರ್ಟರ್ ಬಾಕ್ಸ್ ಇದೆ. ಆದರೆ 2014ರಲ್ಲಿ ಸೆಲೆರಿಯೊ ಮೂಲಕ ನಮ್ಮ ದೇಶಕ್ಕೆ ಬಂದ ಎಎಂಟಿ ಬೇರೆಯೇ ವಸ್ತು. ಅಲ್ಲಿರುವುದು ಮಾಮೂಲಿ ಕ್ಲಚ್ಚೇ, ಕಾಲಿನ ಬದಲು ಯಂತ್ರ ಒತ್ತುತ್ತದೆ. ಚಡಾವಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ಹಿಡಿದಿಟ್ಟರೆ ಅದೂ ಸುಡುತ್ತದೆ. ಎರಡನ್ನೂ ಮಾರುವುದು ‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿನಲ್ಲಿ. ಆದ್ದರಿಂದ ಶೋರೂಮಿನಲ್ಲಿ ಬಣ್ಣ, ಸ್ಕ್ರೀನು ಕೇಳುವ ಮೊದಲು ಒಳಗಿರುವುದು ಟಾರ್ಕ್ ಕನ್ವರ್ಟರೋ ಎಎಂಟಿಯೋ ಎಂದು ಕೇಳಿ. ಟೆಸ್ಟ್ ಡ್ರೈವನ್ನು ಸುಳ್ಯ ಪೇಟೆಯ ಸಮತಟ್ಟು ರಸ್ತೆಯಲ್ಲಿ ಮುಗಿಸಬೇಡಿ. ನಾಲ್ಕು ಜನ ಕೂತು, ಒಂದು ಚಡಾವಿನ ಮಧ್ಯದಲ್ಲಿ ಗಾಡಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿ. ಒಮ್ಮೆ ಸಾಲದು, ನಾಲ್ಕೈದು ಸಲ. ಪ್ರತಿ ಸಲವೂ ಒಂದೇ ತರ ಹೊರಟರೆ ಮಾತ್ರ ಅಡ್ವಾನ್ಸ್ ಕೊಡಿ.