ಪೂಜೆಗಷ್ಟೇ ಎಣಿಸುವ ದಿನಗಳು

ಹೆಣ್ಣುಮಕ್ಕಳ ಮುಟ್ಟಿನ ವಿಷಯ ನಮ್ಮ ಕಡೆ ಮನೆಗಳಲ್ಲಿ ಮಾತಿಗೇ ಬರುವುದಿಲ್ಲ ಎನ್ನುತ್ತಾರೆ. ಬರುತ್ತದೆ! ಔರಾದ್‌ನ ನನ್ನ ತವರಿನಲ್ಲಿ ಲಗ್ನವಿರಲಿ, ಅಮರೇಶ್ವರ ಗುಡಿಗೆ ಹೋಗುವುದಿರಲಿ, ಆಯಿ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಳು: "ಸಣ್ಣಾಕಿದು ಅವತ್ತೇ ಬರ್ತದ, ಆಕಿ ಮನ್ಯಾಗ ಇರ್ಲಿ." ಲೆಕ್ಕ ಪಕ್ಕಾ. ಆದರೆ ಅದು ದೇವರ ಸಲುವಾಗಿ, ಹುಡುಗಿಯ ಸಲುವಾಗಿ ಅಲ್ಲ. ಮೂರು ತಿಂಗಳು ಮುಟ್ಟೇ ಆಗದಿದ್ದರೆ ಆ ಲೆಕ್ಕದವರೇ ಸುಮ್ಮನಿರುತ್ತಾರೆ.

ಇದು ಕಲ್ಯಾಣದ ಸೀಮೆ. ಹನ್ನೆರಡನೆಯ ಶತಮಾನದಲ್ಲೇ ಶರಣರು ಜನನ, ಜಾತಿ, ರಜ, ಉಚ್ಛಿಷ್ಟ, ಪ್ರೇತ ಎಂಬ ಐದೂ ಸೂತಕಗಳನ್ನು ಅಲ್ಲಗಳೆದರು. ಬಸವ ಜಯಂತಿಯ ಭಾಷಣಗಳಲ್ಲಿ ಜಾತಿಸೂತಕದ ಮಾತು ಜೋರಾಗಿರುತ್ತದೆ. ರಜಸ್ಸೂತಕ ಬಂತೆಂದರೆ ಮೈಕ್ ಹಿಡಿದವರಿಗೆ ಕೆಮ್ಮು.

ನಾನು ಭಾಲ್ಕಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಹಾರ್ಮೋನಿನ ಪಾಠದಲ್ಲಿ ಥೈರಾಯ್ಡ್‌ವರೆಗೆ ಹುಡುಗಿಯರ ತಲೆ ಮೇಲೆಯೇ ಇರುತ್ತದೆ, ಅಂಡಾಶಯ ಅಂದ ಕೂಡಲೇ ಪುಸ್ತಕದೊಳಗೆ ಹೋಗುತ್ತದೆ. ಪ್ರಶ್ನೆ ಬರುವುದು ಗಂಟೆ ಹೊಡೆದ ಮೇಲೆ, ವರಾಂಡದಲ್ಲಿ: "ಮೇಡಂ, ನಂದು ತಿಂಗಳಿಗೆ ಸರಿ ಬರಲ್ಲ. ಪಿಸಿಓಡಿ ಇರ್ಬಹುದೇನ್ರಿ?"

ಜನ ಪಿಸಿಓಡಿ ಎಂದೂ ಡಾಕ್ಟರು ಪಿಸಿಓಎಸ್ ಎಂದೂ ಕರೆಯುವ ಈ ಹಾರ್ಮೋನ್ ತೊಂದರೆ ಬಹಳ ಸಲ ಇರುವುದಿಲ್ಲ. ಮಿದುಳಿನ ಪಿಟ್ಯುಟರಿಯ ಸೂಚನೆಗೆ ಅಂಡಾಶಯ ಸ್ಪಂದಿಸುವ ಲಯ ಕೂಡಿಬರಲು ಕಾಲ ಬೇಕು. ಮುಟ್ಟು ಶುರುವಾದ ಮೊದಲ ವರ್ಷ ದಿನಗಳು ಏರುಪೇರಾಗುವುದು ಸಹಜ; ಆಮೇಲಿನ ಎರಡು ವರ್ಷ 21ರಿಂದ 45 ದಿನಕ್ಕೊಮ್ಮೆ ಬಂದರೂ ಚಿಂತೆಯಿಲ್ಲ. ಈ ವಯಸ್ಸಿನ ಅಂಡಾಶಯದಲ್ಲಿ ಅಂಡಾಣುವಿನ ಸಣ್ಣ ಚೀಲಗಳು ಹೆಚ್ಚಾಗಿ ಕಾಣುವುದೂ ಸಾಮಾನ್ಯ. ಅದಕ್ಕೇ ಹದಿಹರೆಯದವರಲ್ಲಿ ಪಿಸಿಓಎಸ್ ಪತ್ತೆಗೆ ಸ್ಕ್ಯಾನಿಂಗ್ ನಂಬಬೇಡಿ ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಹದಿನಾಲ್ಕರ ಹುಡುಗಿಯನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದು ಹೆದರಿಸಿ ತರುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಾಗಂತ ಎಲ್ಲದಕ್ಕೂ ಕಾಯಬಾರದು. ಹದಿನೈದು ತುಂಬಿದರೂ ಮುಟ್ಟು ಶುರುವಾಗದಿದ್ದರೆ, ಆದದ್ದು ಮೂರು ತಿಂಗಳು ನಿಂತರೆ, ಏಳು ದಿನ ದಾಟಿ ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು ಬದಲಿಸಬೇಕಾದರೆ ಡಾಕ್ಟರಿಗೆ ತೋರಿಸಬೇಕು. ಹೆಚ್ಚು ರಕ್ತ ಹೋಗುವವರಿಗೆ ಹಿಮೋಗ್ಲೋಬಿನ್ ನೋಡಿಸಬೇಕು, 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ.

ಇನ್ನು ಹುಡುಗಿಯರ ಕುತ್ತಿಗೆಯ ಮಾತು. ಅದರ ಹಿಂಭಾಗ ಕಪ್ಪಾಗಿದೆಯೆಂದು ತಾಯಂದಿರು ಕಡ್ಲಿಹಿಟ್ಟು ಹಚ್ಚಿ ಚರ್ಮ ಕೆಂಪಾಗುವಂತೆ ತಿಕ್ಕುತ್ತಾರೆ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಚರ್ಮ ಹಾಗಾಗುತ್ತದೆ. ಅದೇ ಇನ್ಸುಲಿನ್ ಅಂಡಾಶಯದಿಂದ ಗಂಡುಹಾರ್ಮೋನನ್ನು ಹೆಚ್ಚು ಹೊರಡಿಸುತ್ತದೆ. ಗದ್ದದ ಮೇಲೆ ಕೂದಲು, ಬಿಡದ ಮೊಡವೆ, ತಪ್ಪುವ ಮುಟ್ಟು ಅದರ ಬೆನ್ನಿಗೇ ಬರಬಹುದು. ಪಿಸಿಓಎಸ್ ಅನುಮಾನ ಬರಬೇಕಾದದ್ದು ಇಲ್ಲಿ. ಆಗ ಹಿರಿಯರ ಔಷಧಿ ಒಂದೇ: "ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ." ತಾಳಿ ಕಟ್ಟಿದರೆ ಇನ್ಸುಲಿನ್ ಇಳಿಯುವುದಿಲ್ಲ.

ಬೀದರಿನ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಮಗಳು ಚುಕ್ಕೆ ಇಡುತ್ತಾಳೆ. ಅದು ಅವಳ ಅಪ್ಪನಿಗೂ ಕಾಣುತ್ತದೆ. ಪ್ಯಾಡ್ ತರುವವರೂ ಅವರೇ. ಮೊದಮೊದಲು ನಮ್ಮ ಅತ್ತೆಯವರು ಆ ಕ್ಯಾಲೆಂಡರನ್ನು ಗೋಡೆಯ ಕಡೆ ತಿರುಗಿಸಿಡುತ್ತಿದ್ದರು. ಹಾಲಿನವ ಬಂದಾಗೆಲ್ಲ ತಿರುಗಿಸಲೇಬೇಕಾಗಿ ಬಿಟ್ಟುಬಿಟ್ಟರು. ಹತ್ತು ದಾಟುವ ಮೊದಲೇ ಮಗಳಿಗೆ ಹೇಳಿಟ್ಟಿದ್ದೆವು. ಮೊದಲ ಮುಟ್ಟು ಆದ ಮೇಲೆ ಹೇಳೋಣ ಎಂದರೆ ಅಷ್ಟರಲ್ಲಿ ಹುಡುಗಿ ಗಾಬರಿಯಾಗಿರುತ್ತಾಳೆ.

ತೋರಿಸಬೇಕೆಂದರೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆಯಿದೆ, ಬೀದರಿನಲ್ಲಿ ಬ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಡೇ ಸಲ ಯಾವಾಗ ಮುಟ್ಟಾದದ್ದು ಎಂದು ಡಾಕ್ಟರು ಮೊದಲು ಕೇಳುತ್ತಾರೆ. ಉತ್ತರ ಹುಡುಗಿಯೇ ಕೊಡಲಿ. ಸ್ವಲ್ಪ ಹೊತ್ತು ತಾಯಿ ಹೊರಗಿನ ಬೆಂಚಿನ ಮೇಲೆ ಕೂತರೆ ಇನ್ನೂ ಒಳ್ಳೆಯದು.