ಶಾಲೆಯ ಚೀಲದ ಹೆಗಲಿಗೆ ಕೂಸಿನ ಭಾರವೇ?



ಕೃಷ್ಣಾ ತೀರದ ಗಡಿನಾಡಿನಲ್ಲಿ ರಾಜ್ಯದ ಗೆರೆ ಬಹಳ ಹಳೆಯದೇನಲ್ಲ. 1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಇಂದು ಅದು ತೆಲಂಗಾಣದ ಜೋಗುಲಾಂಬಾ ಗದ್ವಾಲ ಜಿಲ್ಲೆ. 2019ರಲ್ಲಿ ನಾರಾಯಣಪೇಟೆಯೂ ಬೇರೆ ಜಿಲ್ಲೆಯಾಯಿತು. ಮಕ್ತಲ್ ಅದಕ್ಕೆ ಸೇರಿದೆ. ಆದರೆ ಹೆಣ್ಣು ಕೊಡುವ, ತರುವ ಸಂಬಂಧಗಳಿಗೆ ಈ ಗೆರೆ ಅಡ್ಡ ಬಂದಿಲ್ಲ. ಮಕ್ತಲಿನ ಮಗಳು ರಾಯಚೂರಿನ ಸೊಸೆಯಾಗುತ್ತಾಳೆ, ಯಾದಗಿರಿಯ ಮಗಳು ನಾರಾಯಣಪೇಟೆಯ ಸೊಸೆಯಾಗುತ್ತಾಳೆ. ಈ ಬೀಗತನದ ಸಂಭ್ರಮದಲ್ಲಿ ನಾವು ಬಾಯಿಬಿಟ್ಟು ಆಡದ ನೋವೊಂದಿದೆ: ಹದಿನೆಂಟು ತುಂಬುವ ಮೊದಲೇ ಮದುವೆ, ವರ್ಷ ಕಳೆಯುವುದರೊಳಗೆ ಬಸಿರು.

ತಾಳಿಯ ಮರೆಯಲ್ಲಿ

ಹದಿಹರೆಯದ ಬಸಿರು ಎಂದೊಡನೆ ನಮ್ಮ ಮನಸ್ಸು ಮೊಬೈಲು, ಸಿನಿಮಾ, ಪ್ರೇಮ ಪ್ರಕರಣಗಳ ಕಡೆ ಓಡುತ್ತದೆ. ಅಂಥವೂ ಉಂಟು. ಆದರೆ ನಮ್ಮ ದೇಶದಲ್ಲಿ ಎಳೆಯ ವಯಸ್ಸಿನಲ್ಲಿ ತಾಯಿಯಾಗುವವರಲ್ಲಿ ಹೆಚ್ಚಿನವರು ಮದುವೆಯಾದವರೇ. ಹಿರಿಯರು ಹರಸಿ, ಊಟ ಹಾಕಿಸಿ ಕಳುಹಿಸಿಕೊಟ್ಟವರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರನ್ನು ಕೇಳಿದಾಗ ತೆಲಂಗಾಣದಲ್ಲಿ ಶೇ. 23.5, ಕರ್ನಾಟಕದಲ್ಲಿ ಶೇ. 21.3 ಮಂದಿ 18ಕ್ಕೆ ಮೊದಲೇ ಮದುವೆಯಾಗಿದ್ದರು. ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. 15ರಿಂದ 19ರ ಹುಡುಗಿಯರಲ್ಲಿ ಆಗಲೇ ತಾಯಿಯಾಗಿದ್ದವರು ಅಥವಾ ಬಸುರಿಯಾಗಿದ್ದವರು ದೇಶದಲ್ಲಿ ಶೇ. 6.8. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 7.9 ಇತ್ತು. ಇಳಿಯುತ್ತಿದೆ, ನಿಜ, ಆದರೆ ಬಹಳ ನಿಧಾನವಾಗಿ.

ಹತ್ತಿ ಹೊಲದಿಂದ ಹಸೆಮಣೆಗೆ

ಗದ್ವಾಲ ಸೀಮೆ ಜರಿ ಸೀರೆಗಷ್ಟೇ ಅಲ್ಲ, ಹೈಬ್ರಿಡ್ ಹತ್ತಿ ಬೀಜಕ್ಕೂ ಹೆಸರಾದದ್ದು. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಿಂದಲೇ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹುಡುಗಿಯರನ್ನು ಹಚ್ಚುವ ಸಂಗತಿ ವರ್ಷಗಳಿಂದ ವರದಿಯಾಗುತ್ತ ಬಂದಿದೆ. ಆ ಕೆಲಸದ ಹಂಗಾಮು ಬರುವುದು ಮಳೆಗಾಲದಲ್ಲಿ, ಶಾಲೆ ನಡೆಯುತ್ತಿರುವಾಗಲೇ. ಮುಂಗಡ ತಂದ ಮನೆಯ ಮಗಳು ಕೆಲವು ವಾರ ಶಾಲೆ ತಪ್ಪಿಸುತ್ತಾಳೆ, ಪಾಠ ಹಿಂದೆ ಬೀಳುತ್ತದೆ, ಕಡೆಗೆ ಶಾಲೆಯೇ ಬಿಟ್ಟುಹೋಗುತ್ತದೆ. ತಂದೆತಾಯಿ ಗುಳೆ ಹೋಗುವ ಮನೆಯಾದರೆ ‘ವಯಸ್ಸಿಗೆ ಬಂದ ಹುಡುಗಿಯನ್ನು ಯಾರ ಭರವಸೆಯಲ್ಲಿ ಬಿಟ್ಟುಹೋಗುವುದು’ ಎಂಬ ಚಿಂತೆ. ಹೀಗೆ ಬಡತನಕ್ಕೂ ಭಯಕ್ಕೂ ಒಂದೇ ಮದ್ದೆಂದು ಮದುವೆ ಬರುತ್ತದೆ.

ಆ ತಂದೆತಾಯಿ ಕೆಟ್ಟವರಲ್ಲ, ಮಗಳ ಒಳಿತನ್ನೇ ಬಯಸಿದವರು. ಆದರೆ ಹದಿನಾರರ ದೇಹಕ್ಕೆ ಅವರ ಸದುದ್ದೇಶ ಗೊತ್ತಾಗುವುದಿಲ್ಲ. ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ತನಗೇ ರಕ್ತ ಸಾಲದವಳು ಇನ್ನೊಂದು ಜೀವಕ್ಕೆ ಎಲ್ಲಿಂದ ಕೊಡಬೇಕು? ರಕ್ತದೊತ್ತಡ ಏರಿ ನಂಜು ಬರುವುದು, ಹೆರಿಗೆಯ ನಂತರದ ಸೋಂಕು, ದಿನ ತುಂಬದ ಹೆರಿಗೆ, ತೂಕ ಕಡಿಮೆಯ ಕೂಸು – ಇವೆಲ್ಲ ಎಳೆಯ ತಾಯಂದಿರಲ್ಲಿ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಗಡಿ ದಾಟಿದರೂ ಕಾನೂನು ಒಂದೇ

‘ಆಚೆ ರಾಜ್ಯದಲ್ಲಿ ಮದುವೆ ಮಾಡಿದರಾಯಿತು’ ಎಂದುಕೊಳ್ಳುವವರಿಗೆ ಒಂದು ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಗಡಿಯ ಎರಡೂ ಕಡೆ ಇದೆ. ಹುಡುಗಿಗೆ 18, ಹುಡುಗನಿಗೆ 21. ತಪ್ಪಿದರೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಮದುವೆ ಮಾಡಿಸಿದವರೂ ಹೊಣೆಗಾರರೇ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಕರ್ನಾಟಕದ 2016ರ ತಿದ್ದುಪಡಿಯಂತೆ ಅಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹೆಂಡತಿಯೇ ಆದರೂ 18 ತುಂಬದವಳೊಡನೆ ದೇಹಸಂಬಂಧ ಅತ್ಯಾಚಾರವೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ.

ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯೂ (ವಿಧಿ 1072) ನಾಡಿನಲ್ಲಿ ರೂಢಿಯಾದ ವಯಸ್ಸಿಗೆ ಮೊದಲು ಮದುವೆಗೆ ಮುಂದಾಗುವ ಯುವಜನರನ್ನು ತಡೆದು ಬುದ್ಧಿ ಹೇಳುವ ಹೊಣೆಯನ್ನು ಗುರುಗಳಿಗೆ ವಹಿಸಿದೆ. ವಯಸ್ಸಿನ ದಾಖಲೆ ಕೇಳಿದಾಗ ‘ಫಾದರ್ ಬಹಳ ಕಟ್ಟುನಿಟ್ಟು’ ಎಂದು ಮುನಿಸಿಕೊಳ್ಳಬೇಡಿ.

ತಿಳಿವಳಿಕೆಯೇ ಮೊದಲ ಕಾವಲು

ಶಾಲೆಯಲ್ಲಿರುವ ಹುಡುಗಿಯ ಮದುವೆ ತಾನಾಗಿಯೇ ಮುಂದೆ ಹೋಗುತ್ತದೆ. ಶಾಂತಾ ಸಿನ್ಹಾ ಅವರು ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ದುಡಿಯುವ ಮಕ್ಕಳನ್ನು ಶಾಲೆಗೆ ತಂದು, 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಶಾಲೆಯ ಹೊರಗಿರುವ ಪ್ರತಿ ಮಗುವೂ ದುಡಿಮೆಯ ಮಗುವೇ ಎಂಬುದು ಅವರ ನಿಲುವು. ಗುಳೆ ಹೋಗುವ ಮನೆಗಳಿಗೆ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. 2004ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲ ಉಚಿತ.

ಆದರೆ ಗಣಿತ, ವಿಜ್ಞಾನ ಕಲಿತವಳಿಗೆ ತನ್ನ ದೇಹದ ಪಾಠ ಯಾರು ಹೇಳುತ್ತಾರೆ? ಮೈನೆರೆದಾಗ ಆರತಿ ಎತ್ತುತ್ತೇವೆ, ಹೊಸ ಸೀರೆ ಉಡಿಸುತ್ತೇವೆ. ಮುಟ್ಟು ಎಂದರೇನು, ಬಸಿರು ಹೇಗೆ ನಿಲ್ಲುತ್ತದೆ ಎಂದು ಮಾತ್ರ ಹೇಳುವುದಿಲ್ಲ. 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬಂದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಅಂಜಿಕೆ ನಮ್ಮ ಮನೆಗಳಲ್ಲೂ ಇದೆ. ಆದರೆ ಮಕ್ಕಳು ಬೆಳೆದಂತೆ ಅವರಿಗೆ ವಿವೇಕದ ಲೈಂಗಿಕ ಶಿಕ್ಷಣ ಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. ವಿಶ್ವಗುರು ಫ್ರಾನ್ಸಿಸ್‌ರವರು 2016ರ ‘ಆಮೋರಿಸ್ ಲೆತೀತ್ಸಿಯಾ’ದಲ್ಲಿ ಇದನ್ನು ಮತ್ತೆ ಒತ್ತಿ ಹೇಳಿದರು. ಅಜ್ಞಾನವೂ ಪರಿಶುದ್ಧತೆಯೂ ಒಂದೇ ಅಲ್ಲ.

ಗರ್ಭನಿರೋಧದ ಮಾತು

ಈ ಮಾತನ್ನೂ ಮುಚ್ಚಿಡಲಾರೆವು. 1968ರ ‘ಹುಮಾನೆ ವೀತೆ’ಯಿಂದ ಈಚೆಗೂ ಧರ್ಮಸಭೆ ಕೃತಕ ವಿಧಾನಗಳನ್ನು ಒಪ್ಪಿಲ್ಲ, ಹೊಣೆಯರಿತ ತಾಯ್ತಂದೆತನವನ್ನೂ ಫಲವತ್ತಾದ ದಿನಗಳನ್ನು ಗುರುತಿಸುವ ಸಹಜ ವಿಧಾನವನ್ನೂ ಬೋಧಿಸುತ್ತದೆ. ಅದಕ್ಕೆ ಗಂಡಹೆಂಡಿರ ಒಪ್ಪಂದ, ಸಂಯಮ, ಸರಿಯಾದ ತರಬೇತಿ ಬೇಕು. ಎಳೆಯರಲ್ಲಿ ಮುಟ್ಟಿನ ಲೆಕ್ಕ ಏರುಪೇರಾಗುವುದರಿಂದ ಬರೀ ದಿನ ಎಣಿಸಿ ನಂಬಿ ಕೂರುವುದು ಅಪಾಯ.

ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಾಂಡೋಮ್, ‘ಮಾಲಾ-ಎನ್’ ಗುಳಿಗೆ, ಕಾಪರ್-ಟಿ, 2017ರಿಂದ ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಗುಳಿಗೆ ಉಚಿತವಾಗಿ ಸಿಗುತ್ತವೆ. ಹೊಸದಾಗಿ ಮದುವೆಯಾದವರ ಮನೆಗೆ ಆಶಾ ಕಾರ್ಯಕರ್ತೆ ಬಂದಾಗ ಅತ್ತೆಯಾದವರು ಬಾಗಿಲಲ್ಲೇ ಸಾಗಹಾಕಬಾರದು. ದಂಪತಿಗಳು ಎಲ್ಲವನ್ನೂ ತಿಳಿದು, ವೈದ್ಯರನ್ನು ಕೇಳಿ, ಗುರುಗಳೊಡನೆ ಮಾತಾಡಿ, ದೇವರ ಮುಂದೆ ತಮ್ಮ ಮನಸ್ಸಾಕ್ಷಿಯನ್ನು ಸರಿಯಾಗಿ ರೂಪಿಸಿಕೊಳ್ಳಲಿ. ‘ಇನ್ನೂ ವಿಶೇಷ ಇಲ್ಲವೇ?’ ಎಂದು ತಿಂಗಳು ತಿಂಗಳು ಕೇಳುವ ಬೀಗರ ಬಾಯಿ ಮಾತ್ರ ಈ ತೀರ್ಮಾನ ಮಾಡದಿರಲಿ.

ನಾವು ಮಾಡಬಹುದಾದದ್ದು

ತಾಯಂದಿರು ಮಗಳೊಡನೆ, ತಂದೆಯವರು ಮಗನೊಡನೆ ಹತ್ತು ಹನ್ನೆರಡರ ವಯಸ್ಸಿನಲ್ಲೇ ಮಾತು ಆರಂಭಿಸಲಿ. ಹುಡುಗನಿಗೂ ಹೊಣೆಯಿದೆ ಎಂಬುದನ್ನು ಮರೆಯಬಾರದು. ಧರ್ಮಕೇಂದ್ರದ ಯುವಕೂಟಕ್ಕೆ ವರ್ಷಕ್ಕೊಮ್ಮೆಯಾದರೂ ವೈದ್ಯರನ್ನೋ ದಾದಿ ಸಿಸ್ಟರನ್ನೋ ಕರೆಸೋಣ. ಶಾಲೆ ಬಿಟ್ಟ ಹುಡುಗಿ ನೆರೆಯಲ್ಲಿದ್ದರೆ ಕಿರು ಕ್ರೈಸ್ತ ಸಮುದಾಯ ಆ ಮನೆಯ ಬಾಗಿಲು ತಟ್ಟಲಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಬಹುದು.

ಒಂದು ವೇಳೆ ಹುಡುಗಿ ಆಗಲೇ ಬಸುರಿಯಾಗಿದ್ದರೆ? ಮನೆಯ ಮರ್ಯಾದೆಗಿಂತ ಮಗಳ ಜೀವ ದೊಡ್ಡದು. ಪೊಲೀಸು ಪ್ರಕರಣವಾದೀತೆಂದು ಹೆದರಿ ನಾಟಿ ಮದ್ದಿನವರ ಕೈಗೆ ಕೊಡಬೇಡಿ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೆರಿಗೆಯಾದ ಮೇಲೆ ಅವಳು ಮತ್ತೆ ಶಾಲೆಗೆ ಹೋಗುವಂತಾಗಲಿ. ಪೀಠದ ಹತ್ತಿರವೂ ಅವಳಿಗೆ ಜಾಗವಿರಲಿ.

ಯಾಯಿರನ ಮಗಳಿಗೆ ಹನ್ನೆರಡು ವರ್ಷ. ಊರೆಲ್ಲ ಅವಳ ಕಥೆ ಮುಗಿಯಿತೆಂದು ಗೋಳಾಡುತ್ತಿದ್ದಾಗ ಯೇಸುಸ್ವಾಮಿ ಅವಳ ಕೈಹಿಡಿದು ಎಬ್ಬಿಸಿದರು. ಆಮೇಲೆ ಮನೆಯವರಿಗೆ ಅವರು ಹೇಳಿದ್ದು ಅವಳಿಗೆ ಊಟ ಕೊಡಿ ಎಂದು. ಹನ್ನೆರಡರ ಹುಡುಗಿಗೆ ಬೇಕಾದದ್ದು ಅದೇ: ಎದ್ದು ನಿಲ್ಲಲು ಒಂದು ಆಸರೆ, ಹೊಟ್ಟೆತುಂಬ ಊಟ, ಬೆಳೆಯಲು ಸಮಯ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೂ ಅದನ್ನು ಕೊಡೋಣ.